ನೀರಿನಡಿಯ ಮಾತು

ನಾನು ಮಾತು ಮಾರಿ ಹೊಟ್ಟೆ ಹೊರೆದವನು. ಚಿಕ್ಕೋಡಿಯ ನ್ಯಾಯಾಲಯದಲ್ಲಿ ೩೧ ವರ್ಷ ವಕೀಲಿ ಮಾಡಿದ್ದೇನೆ. ನಮ್ಮದು ಗಡಿಯ ಸೀಮೆ. ಕಕ್ಷಿಗಾರನೊಡನೆ ಕನ್ನಡದಲ್ಲಿ ಆರಂಭಿಸಿದ ಮಾತನ್ನು ಮರಾಠಿಯಲ್ಲಿ ಮುಂದುವರಿಸಿ, ನ್ಯಾಯಾಧೀಶರ ಮುಂದೆ ಇಂಗ್ಲಿಷಿನಲ್ಲಿ ಮುಗಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ವಕೀಲ ಸಾಹೇಬರು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲವೆಂದು ಗೆಳೆಯರು ಆಡಿಕೊಳ್ಳುವುದುಂಟು. ಅಂಥ ನಾನು ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅರಬ್ಬೀ ಸಮುದ್ರದ ಅಡಿಯಲ್ಲಿ ೨೫ ನಿಮಿಷ ಮೂಕನಾಗಿದ್ದೆ. ಆ ಹೊತ್ತಿನಲ್ಲಿ ನನ್ನ ಪರವಾಗಿ ವಕಾಲತ್ತು ವಹಿಸಿದವನು, ಹುಟ್ಟಿದಂದಿನಿಂದ ಒಂದು ಶಬ್ದವನ್ನೂ ಕೇಳದ ನನ್ನ ತಮ್ಮ. ಆ ಕಥೆಯನ್ನು ಹೇಳಬೇಕಾದರೆ ಒಂದು ತಪ್ಪೊಪ್ಪಿಗೆಯನ್ನೂ ಹೇಳಬೇಕಾಗುತ್ತದೆ. ವಕೀಲರು ತಪ್ಪೊಪ್ಪಿಕೊಳ್ಳುವುದು ಅಪರೂಪ. ವಾಚಕರು ಸಾವಧಾನವಾಗಿ ಕೇಳಬೇಕು.

ತಮ್ಮ ನನಗಿಂತ ಎರಡು ವರ್ಷ ಚಿಕ್ಕವನು. ಅವನಿಗೆ ಕಿವಿ ಕೇಳಿಸುವುದಿಲ್ಲವೆಂಬುದು ಮನೆಯವರಿಗೆ ತಿಳಿದದ್ದು ಒಂದು ದೀಪಾವಳಿಯಲ್ಲಿ. ಮಗ್ಗುಲಲ್ಲಿಯೇ ಪಟಾಕಿ ಸಿಡಿದರೂ ತೊಟ್ಟಿಲ ಕೂಸು ಎಚ್ಚರಗೊಳ್ಳಲಿಲ್ಲವಂತೆ. ಮುಂದೆ ಓಣಿಯವರು ಅವನಿಗೆ ಇಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯಲಾರೆ. ಅದು ಅವನಿಗೆ ಕೇಳಿಸುತ್ತಿರಲಿಲ್ಲ, ಅವ್ವನಿಗೆ ಕೇಳಿಸುತ್ತಿತ್ತು.

ಆದರೆ ಚಿಕ್ಕಂದಿನಲ್ಲಿ ಅವನಿಗೆ ಮಾತಿಲ್ಲವೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅವನ ಕೈಗಳೇ ಮಾತಾಡುತ್ತಿದ್ದವು. ಮೂಗಿನ ಹೊಳ್ಳೆಯನ್ನು ಬೆರಳಿನಿಂದ ಮುಟ್ಟಿದರೆ ಅವ್ವ; ಅದು ಅವಳ ಮೂಗುತಿ. ತಲೆಯ ಸುತ್ತ ಕೈ ತಿರುಗಿಸಿದರೆ ಅಪ್ಪ. ಅದು ಅವರ ರುಮಾಲು. ನಾಲ್ಕು ಬೆರಳುಗಳನ್ನು ಹೆಬ್ಬೆರಳಿಗೆ ಪಟಪಟನೆ ಬಡಿದರೆ ನಾನು. ಅದು ಸದಾ ಬಡಬಡಿಸುವ ನನ್ನ ಬಾಯಿ! ಈ ಹೆಸರುಗಳನ್ನಿಟ್ಟವನು ಅವನೇ. ಅವನ ಐದನೆಯ ವಯಸ್ಸಿಗೇ ನನ್ನ ವೃತ್ತಿಯನ್ನು ಅವನು ಗುರುತಿಸಿದ್ದನೆನ್ನಬೇಕು.

ಬೇಸಿಗೆಯ ರಜೆಯಲ್ಲಿ ಹೊಲದ ಬಾವಿಯೇ ನಮ್ಮ ಮನೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಇಬ್ಬರೂ ಈಸಲು ಕಲಿತೆವು. ನಾನು ಬುರುಡೆ ಬಿಚ್ಚಲು ಎರಡು ಬೇಸಿಗೆ ಬೇಕಾದವು. ಅವನಿಗೆ ಎರಡು ದಿನ. ಓಣಿಯ ಬಾವಿಗೆ ಯಾರದಾದರೂ ಕೊಡ ಬಿದ್ದರೆ, ಪಾತಾಳಗರಡಿಯನ್ನು ಹುಡುಕಿ ತರುವುದರೊಳಗೆ ತಮ್ಮ ತಳಮುಟ್ಟಿ ಕೊಡದೊಡನೆ ಮೇಲೆದ್ದಿರುತ್ತಿದ್ದ. ನಮ್ಮಿಬ್ಬರದೇ ಆದ ಒಂದು ಆಟವಿತ್ತು. ನೀರಿನೊಳಗೆ ಮುಳುಗಿದ ಮೆಟ್ಟಿಲ ಕಲ್ಲನ್ನು ಒಂದು ಕೈಯಿಂದ ಹಿಡಿದು, ಉಸಿರು ಕಟ್ಟಿ, ಎದುರುಬದುರು ಕುಳಿತು ಸುದ್ದಿ ಹೇಳುವುದು. ಯಾರ ಹಿತ್ತಲಿನ ಪೇರಲ ಹಣ್ಣಾಗಿದೆ, ಮಾಸ್ತರರ ಕೈಯಲ್ಲಿ ಇಂದು ಯಾರಿಗೆ ಏಟು ಬಿತ್ತು—ಎಲ್ಲವನ್ನೂ ಅಲ್ಲಿಯೇ ಹೇಳಿ ಮುಗಿಸಿ, ಎದೆ ಒಡೆಯುವಂತಾದಾಗ ಮೇಲೇಳುತ್ತಿದ್ದೆವು. ದಂಡೆಯ ಮೇಲೆ ಗೆಳೆಯರು ಕೂಗುತ್ತಿದ್ದುದು ನನಗೂ ತಿಳಿಯುತ್ತಿರಲಿಲ್ಲ. ನೀರಿನೊಳಗೆ ನಾವಿಬ್ಬರೂ ಸಮ.

ಮುಂದೆ ನಾನು ಬೆಳಗಾವಿಯ ಕಾಲೇಜು ಸೇರಿದೆ. ಅವನನ್ನು ಅದಕ್ಕೂ ಮೊದಲೇ ದೂರದ ಊರಿನ ಒಂದು ಕಿವುಡ ಮಕ್ಕಳ ಶಾಲೆಗೆ ಕಳಿಸಿದ್ದರು. ಅಲ್ಲಿ ಕೈಸನ್ನೆಗೆ ನಿಷೇಧ. ತುಟಿಯ ಚಲನೆಯನ್ನು ನೋಡಿ ತಿಳಿಯಬೇಕು, ಗಂಟಲಿನಿಂದ ಸ್ವರ ಹೊರಡಿಸಬೇಕು. ಕೈ ಎತ್ತಿದರೆ ಬೆರಳ ಗೆಣ್ಣಿಗೆ ಏಟು. ಇದು ಆ ಒಂದು ಶಾಲೆಯ ಕ್ರೌರ್ಯವೆಂದು ನಾನು ಬಹುಕಾಲ ತಿಳಿದಿದ್ದೆ. ೧೮೮೦ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನವೊಂದು ನೆರೆದು, ಬಾಯಿಮಾತಿನ ಬೋಧನೆಯೇ ಶ್ರೇಷ್ಠ, ಸನ್ನೆ ಕೂಡದು ಎಂದು ಠರಾವು ಮಾಡಿತೆಂಬುದೂ, ಅದರ ನೆರಳು ಜಗತ್ತಿನ ಅನೇಕ ಶಾಲೆಗಳ ಮೇಲೆ ನೂರು ವರ್ಷ ಬಿದ್ದಿತ್ತೆಂಬುದೂ ನನಗೆ ತಿಳಿದದ್ದು ಈಚೆಗೆ. ಆ ಸಮ್ಮೇಳನದ ಪರಂಪರೆಯವರೇ ೨೦೧೦ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಆ ಠರಾವಿಗಾಗಿ ವಿಷಾದ ವ್ಯಕ್ತಪಡಿಸಿದರು. ಕಿವುಡರ ಸನ್ನೆಗಳು ಬರಿಯ ಅಭಿನಯವಲ್ಲ, ಕಟ್ಟುಪಾಡುಗಳುಳ್ಳ ಭಾಷೆ ಎಂಬುದನ್ನು ಅಮೆರಿಕದ ವಿಲಿಯಂ ಸ್ಟೋಕೋ ಎಂಬ ವಿದ್ವಾಂಸರು ತಮ್ಮ ಹುಟ್ಟುವುದಕ್ಕೆ ಮೊದಲೇ, ೧೯೬೦ರಲ್ಲಿ, ತೋರಿಸಿಕೊಟ್ಟಿದ್ದರು. ಆ ಸುದ್ದಿ ನಮ್ಮ ಮನೆಗೆ ಮುಟ್ಟುವ ಹೊತ್ತಿಗೆ ತಮ್ಮನ ತಲೆ ನರೆತಿತ್ತು.

ಅವನು ಶಾಲೆ ಬಿಟ್ಟು ಬಂದು ಹೊಲಿಗೆ ಕಲಿತು, ನಿಪ್ಪಾಣಿಯಲ್ಲಿ ಒಂದು ಅಂಗಡಿಯನ್ನಿಟ್ಟ. ನನಗೆ ಮದುವೆಯ ಮಾತುಕತೆ ನಡೆದಿತ್ತು. ಈಗ ತಪ್ಪೊಪ್ಪಿಗೆ.

ಬೀಗರಾಗುವವರು ಮನೆಗೆ ಬಂದಿದ್ದರು, ವಿದ್ಯಾವಂತರ ಮನೆತನ. ತಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ನಡುಮನೆಯಲ್ಲಿ ಎದ್ದು ನಿಂತು, ಅಣ್ಣ ಬಾವಿಗೆ ಇಳಿಯಲು ಹೇಗೆ ಹೆದರುತ್ತಿದ್ದ, ಸೋರೆಬುರುಡೆಯನ್ನು ಹೇಗೆ ತಬ್ಬಿಕೊಂಡಿದ್ದ ಎಂಬುದನ್ನು ಎರಡೂ ಕೈ ಬೀಸಿ, ಮುಖದಲ್ಲಿ ನವರಸಗಳನ್ನೂ ತುಂಬಿಕೊಂಡು ಹೇಳತೊಡಗಿದ. ಬೀಗರ ಕಡೆಯ ಹುಡುಗನೊಬ್ಬ ಕಿಸಕ್ಕನೆ ನಕ್ಕ. ನಾನು ಎದ್ದು ಹೋಗಿ ತಮ್ಮನ ಎರಡೂ ಮುಂಗೈಗಳನ್ನು ಬಿಗಿಯಾಗಿ ಹಿಡಿದು ಕೆಳಗೊತ್ತಿ, "ಸಾಕು, ಕೈ ಕೆಳಗಿಡು. ಮಂದಿ ನೋಡಾಕತ್ತಾರ" ಎಂದೆ. ಮಾತು ಅವನಿಗೆ ಕೇಳಿಸಲಿಲ್ಲ, ಹಿಡಿತ ತಿಳಿಯಿತು. ಅವನು ಸುಮ್ಮನೆ ಕುಳಿತ. ಬಾಗಿಲ ಮರೆಯಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಅಂದಿನಿಂದ ನನ್ನೊಡನೆ ಅವನ ಭಾಷೆ ಮೂರು ಸನ್ನೆಗಳಿಗೆ ಇಳಿಯಿತು: ಊಟವಾಯಿತೇ, ಮೈಯಲ್ಲಿ ಹುಷಾರೇ, ಮಕ್ಕಳು ಹೇಗಿದ್ದಾರೆ. ಮಿಕ್ಕದ್ದೆಲ್ಲ ಅವ್ವನ ಮೂಲಕ ನಡೆಯಿತು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ದೂಧಗಂಗೆಯೂ ಉಕ್ಕಿ ನಮ್ಮ ತಾಲೂಕಿನ ಹಳ್ಳಿಗಳು ನೀರಿನಲ್ಲಿ ನಿಂತವು. ಅದೇ ವರ್ಷದ ಕೊನೆಗೆ ಅವ್ವ ತೀರಿಕೊಂಡಳು. ದುಭಾಷಿ ಹೋದ ಮೇಲೆ ಅಣ್ಣತಮ್ಮಂದಿರು ಒಂದು ಹೊಳೆಯ ಎರಡು ದಡಗಳಂತೆ ಉಳಿದೆವು.

ಹೀಗಿರುವಾಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಮಗಳು ಒಂದು ಹಟ ಹಿಡಿದಳು. ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರಕ್ಕಿಳಿಯುವ ಸ್ಕೂಬಾ ಎಂಬ ವಿನೋದವುಂಟು. ಈಸು ಬಾರದವರೂ ಶಿಕ್ಷಕನ ಕೈ ಹಿಡಿದು ಇಳಿಯಬಹುದು. "ಅಪ್ಪಾ, ನೀವೂ ಕಾಕಾನೂ ಇಬ್ರೂ ಬರ್ರಿ" ಎಂದಳು.

"ನಿಮ್ಮ ಕಾಕಾನಿಗೆ ಕಿವಿ ಕೇಳಿಸೂದಿಲ್ಲವಾ. ನೀರಾಗ ಏನರೆ ಆದ್ರ ಅವಗ ಹೇಳೂದು ಹೆಂಗ?"

"ನಿಮಗ ಕೇಳಿಸ್ತದಲ್ಲ, ಅಲ್ಲಿ ನಿಮಗ ಹೇಳೂದು ಹೆಂಗ?"

ಮೇಲಿನ ನ್ಯಾಯಾಲಯವೂ ತಳ್ಳಿಹಾಕಲಾರದ ವಾದ. ದೂರವಾಣಿಯ ಪರದೆಯಲ್ಲಿ ಅವಳು ಕಾಕಾನನ್ನು ಕೇಳಿದಾಗ ಅವನು ಉತ್ತರಕ್ಕೆ ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ; ಎರಡೂ ಅಂಗೈ ಜೋಡಿಸಿ ತಲೆಕೆಳಗಾಗಿ ಬಾವಿಗೆ ಧುಮುಕಿದ!

ಧಾರವಾಡ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವಿಳಿದು ಸಂಜೆಗೆ ಮುರುಡೇಶ್ವರ ಸೇರಿದೆವು. ಮುಳುಗುವವರು ತುಂಬಿಕೊಡಬೇಕಾದ ಆರೋಗ್ಯದ ಪತ್ರದಲ್ಲಿ ಹೃದಯ, ಉಬ್ಬಸ, ನೆಗಡಿ, ಕಿವಿಯ ತಮಟೆ ಇವುಗಳ ವಿಚಾರವಿತ್ತು. ಕಿವಿ ಕೇಳಿಸುವುದೋ ಇಲ್ಲವೋ ಎಂಬುದಕ್ಕಿಂತ, ಅದರ ತಮಟೆ ಹರಿದಿರಬಾರದು ಎಂಬುದೇ ಇಲ್ಲಿ ಮುಖ್ಯ. ತಮ್ಮ ನಿಪ್ಪಾಣಿಯ ವೈದ್ಯರಿಂದ ಪತ್ರ ತಂದಿದ್ದ. ಅವನ ತಮಟೆಗಳು ನನ್ನವಕ್ಕಿಂತ ಗಟ್ಟಿಯಾಗಿದ್ದವು.

ಶಿಕ್ಷಕ ಇಪ್ಪತ್ತೈದರ ಪ್ರಾಯದ ತರುಣ. ಸಿಲಿಂಡರಿನಲ್ಲಿರುವುದು ಜನ ತಿಳಿದಂತೆ ಆಮ್ಲಜನಕವಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ ಎಂಬಲ್ಲಿಂದ ಅವನ ಪಾಠ ಆರಂಭವಾಯಿತು. ಉಸಿರೆಳೆದಾಗ ಮಾತ್ರ ಬೇಕಾದಷ್ಟು ಗಾಳಿ ಕೊಡುವ ಈ ಸಾಧನವನ್ನು ೧೯೪೩ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು ಸಿದ್ಧಪಡಿಸಿದರಂತೆ. ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇರಬೇಕು. ಆದ್ದರಿಂದ ಮಾತಿಗೆ ಬಾಯಿಯೇ ಇಲ್ಲ. ಇನ್ನು ಕಿವಿಯ ಅವಸ್ಥೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಓಡಿದರೆ ಸಮುದ್ರದ ನೀರಿನಲ್ಲಿ ಸುಮಾರು ೧೫೦೦ ಮೀಟರು ಓಡುತ್ತದೆ. ಎರಡು ಕಿವಿಗಳಿಗೂ ಅದು ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಮುಟ್ಟುವುದರಿಂದ ಯಾವ ದಿಕ್ಕಿನಿಂದ ಬಂತೆಂದು ಮಿದುಳಿಗೆ ತಿಳಿಯದು. ಸಿಲಿಂಡರನ್ನು ತಟ್ಟಿ 'ಇತ್ತ ನೋಡು' ಎನ್ನಬಹುದು. ಇತ್ತ ಎಂದರೆ ಎತ್ತ ಎಂಬುದು ಮಾತ್ರ ಕೇಳುವವನ ಪಾಡು! ಮುಖವನ್ನೆಲ್ಲ ಮುಚ್ಚುವ ಮುಖವಾಡದೊಳಗೆ ಮಾತಾಡಿ, ಕಿವಿಗೆ ನಿಲುಕದ ಸೂಕ್ಷ್ಮ ಶಬ್ದದ ಅಲೆಗಳ ಮೇಲೆ ಆ ಮಾತನ್ನು ಕಳಿಸುವ ಯಂತ್ರಗಳೂ ಉಂಟು. ರೇಡಿಯೋ ಅಲೆಗಳು ಉಪ್ಪುನೀರಿನಲ್ಲಿ ಬೇಗ ಅಡಗುವುದರಿಂದ ಈ ಉಪಾಯ. ಆದರೆ ಸಾಮಾನ್ಯರ ಪಾಲಿಗೆ ಉಳಿಯುವುದು ಕೈ ಮಾತ್ರ.

ಆ ಕೈಯ ಅಕ್ಷರಮಾಲೆಯನ್ನು ಅವನು ಕಲಿಸಿದ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ 'ಕ್ಷೇಮವೇ?' ಎಂಬ ಪ್ರಶ್ನೆ. 'ಕ್ಷೇಮ' ಎಂಬ ಉತ್ತರವೂ ಅದೇ. ಚಪ್ಪಟೆಯಾದ ಅಂಗೈಯನ್ನು ಅತ್ತಿತ್ತ ಅಲುಗಿಸಿದರೆ 'ಏನೋ ಸರಿಯಿಲ್ಲ'. ಹಾಗೆ ಮಾಡಿ ಕಿವಿ ತೋರಿದರೆ 'ಕಿವಿ ಸರಿಯಿಲ್ಲ'. ಕತ್ತಿನ ಮುಂದೆ ಕೈಯನ್ನು ಕತ್ತಿಯಂತೆ ಎಳೆದರೆ 'ಗಾಳಿ ಮುಗಿಯಿತು'. ಹೆಬ್ಬೆರಳು ಕೆಳಗೆ ಮಾಡಿದರೆ ಕೆಳಗಿಳಿಯುವುದು, ಮೇಲೆ ಮಾಡಿದರೆ ಮೇಲೇರುವುದು. "ಇದೊಂದು ನೆನಪಿರಲಿ ಸರ್. ಹೆಬ್ಬೆರಳು ಮೇಲೆ ಅಂದ್ರೆ ಚೆನ್ನಾಗಿದೆ ಅಂತ ಅಲ್ಲ" ಎಂದು ಅವನು ಎರಡು ಸಲ ಎಚ್ಚರಿಸಿದ. ಕತ್ತಲಿನಲ್ಲಿ ಮುಳುಗುವವರು ಇದನ್ನೇ ದೀಪದಿಂದ ಹೇಳುತ್ತಾರೆ: ಬೆಳಕನ್ನು ದುಂಡಗೆ ತಿರುಗಿಸಿದರೆ ಕ್ಷೇಮ, ಅಡ್ಡಡ್ಡ ವೇಗವಾಗಿ ಬೀಸಿದರೆ ಆಪತ್ತು. ಕಣ್ಣೂ ಕಾಣದ ರಾಡಿ ನೀರಿನಲ್ಲಿ ಹಗ್ಗವೇ ನಾಲಗೆ. ಹಿಂದೆ ಮನ್ನಾರ್ ಕೊಲ್ಲಿಯಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದವರು ಉಸಿರು ಮುಗಿಯುತ್ತಲೇ ಹಗ್ಗ ಜಗ್ಗುತ್ತಿದ್ದರು, ದೋಣಿಯಲ್ಲಿದ್ದವನು ಎಳೆದುಕೊಳ್ಳುತ್ತಿದ್ದ.

ನಾನು ಟಿಪ್ಪಣಿ ಬರೆದುಕೊಂಡು ಬಾಯಿಪಾಠ ಮಾಡಿದೆ. ತಮ್ಮ ಒಂದು ಸಲ ನೋಡಿದ, ಮುಗಿಯಿತು. ಆಮೇಲೆ ಮಗಳ ಮುಂದೆ ಆ ಸನ್ನೆಗಳನ್ನು ನಗೆಯಾಡಿದ. ಇಷ್ಟೇ ಮಾತುಗಳೇ? ಇವರಿಗೆ ನೀರಿನಲ್ಲಿ ಹಸಿವಾಗುವುದಿಲ್ಲವೇ, ಜಗಳ ಬರುವುದಿಲ್ಲವೇ, ಚಾಡಿ ಹೇಳುವುದಿಲ್ಲವೇ? ಮಗಳು ಹೇಳಿದ ಮೇಲೆ ನನಗೂ ಹೊಳೆಯಿತು: ಉಳಿದವರು ಅಪ್ಪಣೆ ಕೊಡುವುದಷ್ಟನ್ನೇ ಬಲ್ಲ ಸ್ಥಳದಲ್ಲಿ ಸನ್ನೆಭಾಷೆ ಬಲ್ಲ ಕಿವುಡರಿಬ್ಬರು ಮನಬಿಚ್ಚಿ ಹರಟಬಲ್ಲರು.

ಆ ರಾತ್ರಿ ಮಗಳು ಇನ್ನೂ ಕೆಲವು ಸಂಗತಿಗಳನ್ನು ತಿಳಿಸಿದಳು. ಅಂಗವಿಕಲರಿಗೆ ಮುಳುಗುವುದನ್ನು ಕಲಿಸಲೆಂದೇ ೧೯೮೧ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಿಮ್ ಗಾಟಾಕರ್ ಎಂಬವರು ಒಂದು ಸಂಘವನ್ನು ಕಟ್ಟಿದರಂತೆ. ಅಲ್ಲಿ ಪ್ರಶ್ನೆ 'ನಿನಗೇನಿಲ್ಲ' ಎಂಬುದಲ್ಲ. 'ನಿನ್ನ ಜೊತೆಗಾರನಿಗೆ ನೀನು ಎಷ್ಟು ನೆರವಾಗಬಲ್ಲೆ' ಎಂಬುದು. ನೆರವಾಗಬಲ್ಲವರು ಒಬ್ಬ ಜೊತೆಗಾರನೊಡನೆ ಇಳಿಯುತ್ತಾರೆ, ಆಗದವರು ಇಬ್ಬರೊಡನೆ. ಕಣ್ಣಿಲ್ಲದವರ ಕೈಯನ್ನು ಜೊತೆಗಾರ ಹಿಡಿದಿರುತ್ತಾನೆ; ಒತ್ತಿದ್ದು, ತಟ್ಟಿದ್ದು, ಅಂಗೈಯೊಳಗೆ ಬೆರಳು ಬರೆದದ್ದು ಮಾತಾಗುತ್ತದೆ. ಕೈಕಾಲು ಆಡದವರು ತಲೆಯ ಅಲುಗಾಟದಿಂದಲೋ ಕಣ್ಣಿನ ರೆಪ್ಪೆಯಿಂದಲೋ ಹೇಳುತ್ತಾರೆ. ಎಲ್ಲವನ್ನೂ ದಂಡೆಯ ಮೇಲೆಯೇ ಗೊತ್ತುಮಾಡಿಕೊಂಡಿರಬೇಕು. ಜೊತೆಗಾರನ ಕಣ್ಣು ಅವರ ಮುಖವನ್ನು ಬಿಟ್ಟು ಕದಲಬಾರದು. ಅದನ್ನು ಕೇಳಿ ನನಗೆ ಅವ್ವನ ನೆನಪಾಯಿತು. ತಮ್ಮನ ಮುಖವನ್ನು ಅವಳು ಹಾಗೆಯೇ ನೋಡುತ್ತಿದ್ದಳು.

ಮರುದಿನ ದೋಣಿ ನೇತ್ರಾಣಿಯ ಬಂಡೆಗಳ ನೆರಳಿನಲ್ಲಿ ನಿಂತಿತು. ಇಬ್ಬರಿಗೂ ಒಬ್ಬೊಬ್ಬ ಶಿಕ್ಷಕ. ಅವರು ನಮ್ಮ ಬೆನ್ನ ಹಿಂದೆ ಸಿಲಿಂಡರು ಹಿಡಿದಿರುತ್ತಾರೆ. ಲಂಗರಿನ ಹಗ್ಗ ಹಿಡಿದು, ಅಣ್ಣತಮ್ಮಂದಿರು ಎದುರುಬದುರಾಗಿ ಇಳಿಯತೊಡಗಿದೆವು. ಮೊಳಕಾಲುದ್ದ ಇಳಿದಿದ್ದೆವೋ ಇಲ್ಲವೋ, ಒಂದು ನೀಲಿ ಮೀನಿನ ಹಿಂಡು ಮುಖದ ಮುಂದೆಯೇ ಹಾಯಿತು. ಸಂತೋಷದಿಂದ ನಾನು ಹೆಬ್ಬೆರಳನ್ನು ಮೇಲೆತ್ತಿದೆ. ಮರುಗಳಿಗೆ ಶಿಕ್ಷಕ ನನ್ನನ್ನು ನೀರಿನ ಮೇಲೆ ತಂದು, "ಏನಾಯ್ತು ಸರ್?" ಎನ್ನುತ್ತಿದ್ದ! ಕೆಳಗೆ ತಮ್ಮನ ಮುಖವಾಡದ ಸುತ್ತ ನಗೆಯ ಗುಳ್ಳೆಗಳೆದ್ದವು.

ಎರಡನೆಯ ಸಲ ಇಳಿದಾಗ ನಗುವಿನ ಸಂದರ್ಭವಿರಲಿಲ್ಲ. ಪ್ರತಿ ೧೦ ಮೀಟರಿಗೆ ನೀರು ಒಂದು ವಾಯುಮಂಡಲದಷ್ಟು ಭಾರವನ್ನು ಮೈಮೇಲೆ ಹೇರುತ್ತದೆ. ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯೊಳಗಿನ ಗಾಳಿಯನ್ನು ಸರಿತೂಗಿಸುತ್ತ ಇಳಿಯಬೇಕು. ನಾನು ಮರೆತೆ. ನಾಲ್ಕು ಮೀಟರಿನಲ್ಲಿ ಎಡಗಿವಿಗೆ ದಬ್ಬಳ ಚುಚ್ಚಿದಂತಾಯಿತು. ಅರಚಿದೆ, ಗುಳ್ಳೆಗಳು ಮಾತ್ರ ಹೊರಟವು. ಬಾಯಿಪಾಠ ಮಾಡಿದ್ದ ಸನ್ನೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಎರಡೂ ಕೈಗಳಿಂದ ಹಗ್ಗವನ್ನು ಅಪ್ಪಿಹಿಡಿದೆ. ಹಿಂದಿದ್ದ ಶಿಕ್ಷಕನಿಗೆ ನನ್ನ ಮುಖ ಕಾಣುವಂತಿರಲಿಲ್ಲ. ಸುತ್ತಲೂ ಚಿಟಿಪಿಟಿಯೆಂದು ಸಮುದ್ರದ ಸದ್ದು ಕೇಳಿಸುತ್ತಿತ್ತು. ಸೀಗಡಿಗಳು ಕೊಂಡಿ ಬಡಿಯುವ ಸದ್ದಂತೆ. ಕಿವಿಯಿದ್ದ ಫಲ ಅಷ್ಟೇ.

ನನ್ನ ಮುಖವನ್ನು ನೋಡುತ್ತಿದ್ದವನು ಒಬ್ಬನೇ. ತಮ್ಮ ಹಗ್ಗ ಬಿಟ್ಟು ಹತ್ತಿರ ಬಂದ. ನೀರಿನಲ್ಲಿ ಮುಖವಾಡದ ಗಾಜಿನಿಂದ ನೋಡಿದಾಗ ವಸ್ತುಗಳು ಮೂರರಲ್ಲೊಂದು ಪಾಲು ಹಿರಿದಾಗಿ ಕಾಣುತ್ತವೆ. ಅವನ ಕೈಗಳು ಅಷ್ಟು ದೊಡ್ಡವಾಗಿ ನನಗೆ ಹಿಂದೆಂದೂ ಕಂಡಿರಲಿಲ್ಲ. ಒಂದು ಕೈಯಿಂದ ನನ್ನ ಶಿಕ್ಷಕನಿಗೆ 'ಸರಿಯಿಲ್ಲ, ಕಿವಿ' ಎಂದು ತಿಳಿಸಿ, ನನ್ನ ಎರಡೂ ಮುಂಗೈಗಳನ್ನು ಹಿಡಿದ. ಹಿಡಿದು, ಬಿಗಿದ ಬೆರಳುಗಳನ್ನು ಒಂದೊಂದಾಗಿ ಹಗ್ಗದಿಂದ ಬಿಡಿಸಿದ. ಶಿಕ್ಷಕ ನನ್ನನ್ನು ಒಂದು ಮೀಟರಿನಷ್ಟು ಮೇಲೆತ್ತಿದ. ತಮ್ಮ ತನ್ನ ಮೂಗನ್ನು ಹಿಡಿದು ಊದುವಂತೆ ತೋರಿಸಿದ. ನಾನು ಹಾಗೆಯೇ ಮಾಡಿದೆ. ಕಿವಿಯೊಳಗೆ ಟಪ್ಪೆಂದು ನೋವು ಇಳಿಯಿತು. ಅವನು ಬೆರಳುಂಗುರ ಹಿಡಿದು ಕೇಳಿದ: ಕ್ಷೇಮವೇ? ನಾನು ಬೆರಳುಂಗುರ ಹಿಡಿದು ಹೇಳಿದೆ: ಕ್ಷೇಮ.

ಮೂವತ್ತು ವರ್ಷಗಳಲ್ಲಿ ಅವನ ಭಾಷೆಯಲ್ಲಿ ಅವನಿಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು.

ಎಂಟು ಮೀಟರಿನ ಆಳದಲ್ಲಿ ಹವಳದ ಬಂಡೆಯೊಂದರ ಬಳಿ ನಿಂತೆವು. ಹೊಲದ ಬಾವಿಯ ಮೆಟ್ಟಿಲ ಕಲ್ಲು ನೆನಪಾಯಿತು. ಅವನಿಗೂ ನೆನಪಾಗಿರಬೇಕು, ಅವನ ಕೈಗಳು ಏನನ್ನೋ ಹೇಳಿದವು. ನನಗೆ ತಿಳಿಯಲಿಲ್ಲ. ಮೇಲಿದ್ದಿದ್ದರೆ 'ಆಗಲಿ, ಆಗಲಿ' ಎಂದು ತಲೆಯಾಡಿಸಿ ನುಣುಚಿಕೊಳ್ಳುತ್ತಿದ್ದೆ. ಅಲ್ಲಿ ನುಣುಚಿಕೊಂಡು ಹೋಗು ಎಂದರೆ ಎಲ್ಲಿಗೆ ಹೋಗಲಿ? ಮತ್ತೆ ಹೇಳು ಎಂದೆ. ಅವನು ಮತ್ತೆ ಹೇಳಿದ. ಮುಖವಾಡದ ಮೇಲೆ ಮೂಗಿನ ಹೊಳ್ಳೆಯ ಸ್ಥಳವನ್ನು ಮುಟ್ಟಿದ; ಎರಡು ಬೆರಳುಗಳನ್ನು ಕಣ್ಣಿನಿಂದ ನಮ್ಮಿಬ್ಬರ ಕಡೆಗೆ ತಿರುಗಿಸಿದ. 'ಅವ್ವ ನೋಡಬೇಕಾಗಿತ್ತು.' ಅವಳು ಹೋದ ಮೇಲೆ ನಮ್ಮಿಬ್ಬರ ನಡುವೆ ಅವಳ ಹೆಸರು ಬಂದದ್ದು ಅದೇ ಮೊದಲು. ಮುಖವಾಡದೊಳಗೆ ಕಣ್ಣೀರು ತುಂಬಿದರೆ ಅದನ್ನು ಹೊರಹಾಕುವ ಸನ್ನೆಯನ್ನು ಶಿಕ್ಷಕ ಕಲಿಸಿರಲಿಲ್ಲ.

ದೋಣಿಗೆ ಹತ್ತಿದ ಮೇಲೆ ನನ್ನ ಕೈಗಳನ್ನು ನಾನೇ ಕೆಳಗೊತ್ತಿ ತೋರಿಸಿ, ಅಂದಿನ ನಡುಮನೆಯನ್ನು ನೆನಪಿಸಿ, ಕೈಮುಗಿದೆ. ಅವನು ಒಂದು ಗಳಿಗೆ ಸಮುದ್ರವನ್ನು ನೋಡಿದ. ಆಮೇಲೆ ಎದ್ದು ನಿಂತು, ದೋಣಿಯಲ್ಲಿದ್ದವರನ್ನೆಲ್ಲ ಕರೆದು, ಅಂದು ಅರ್ಧಕ್ಕೆ ನಿಂತ ಕಥೆಯನ್ನು ಮೊದಲಿನಿಂದ ಆರಂಭಿಸಿದ: ಹೆದರುಪುಕ್ಕ ಅಣ್ಣ, ಸೋರೆಬುರುಡೆ, ಬಾವಿ. ಈ ಸಲ ದುಭಾಷಿ ನಾನು. ನನ್ನ ಹೇಡಿತನವನ್ನು ನಾನೇ ಕನ್ನಡಕ್ಕೆ ತರ್ಜುಮೆ ಮಾಡಿ ಹೇಳಿದೆ. ಜನ ಹೊಟ್ಟೆ ಹಿಡಿದು ನಕ್ಕರು, ಕಥೆಗಾರನಿಗಲ್ಲ, ಕಥೆಗೆ.

ಈಗ ಪ್ರತಿ ಭಾನುವಾರ ನಿಪ್ಪಾಣಿಗೆ ಹೋಗುತ್ತೇನೆ. ೨೦೧೫ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ಸನ್ನೆಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು ಹೊರತಂದ ಸನ್ನೆಕೋಶದಲ್ಲಿ, ೨೦೨೧ರ ಆವೃತ್ತಿಯ ಹೊತ್ತಿಗೆ ೧೦,೦೦೦ ಪದಗಳಿದ್ದವು. ನಾನು ಅದರಿಂದ ಹತ್ತು ಪದ ಕಲಿತುಕೊಂಡು ಹೋದರೆ, ತಮ್ಮ ಐದನ್ನು ಒಪ್ಪುತ್ತಾನೆ; ಉಳಿದ ಐದಕ್ಕೆ, ಅದು ದೆಹಲಿಯವರ ಮಾತು, ನಮ್ಮ ಮನೆಯದಲ್ಲ ಎಂದು ಕತ್ತರಿ ಆಡಿಸುತ್ತಾನೆ. ಮೂಗುತಿ ಮೂಗುತಿಯಾಗಿಯೇ ಉಳಿದಿದೆ, ರುಮಾಲು ರುಮಾಲಾಗಿಯೇ.

ಮೊನ್ನೆ ಕೇಳಿದೆ: ಇಷ್ಟೆಲ್ಲ ಆದ ಮೇಲಾದರೂ ನನ್ನ ಹೆಸರನ್ನು ಬದಲಿಸಬಾರದೇ? ಅವನು ಹೊಲಿಗೆಯ ಯಂತ್ರ ನಿಲ್ಲಿಸಿ ಬಹಳ ಹೊತ್ತು ಯೋಚಿಸಿದ. ನಾಲ್ಕು ಬೆರಳುಗಳನ್ನು ಹೆಬ್ಬೆರಳಿಗೆ ಬಡಿದ. ಅದೇ ಹೆಸರು, ಅದೇ ಬಾಯಿ. ಆದರೆ ಮೊದಲಿನಂತೆ ಪಟಪಟನೆ ಅಲ್ಲ. ಒಂದು ಸಲ ಬಡಿದು, ಬೆರಳುಗಳನ್ನು ತೆರೆದುಕೊಂಡು, ಕಾದ. ಉತ್ತರ ಹೇಳುವ ಸರದಿ ನನ್ನದಾಗಿತ್ತು.